ಹಳಿ ಕೂಡುತ್ತಿಲ್ಲವೇ? ಹಳೆಯ ಆಟಿಕೆ ರೈಲಿನವರ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಗೋಳು ಹೇಳುತ್ತವೆ. ಗೇಜ್ ಒಂದೇ, ಆದರೂ ರೈಲು ಓಡುತ್ತಿಲ್ಲ. ಗೇಜ್ ಅಂದರೆ ಎರಡು ಹಳಿಗಳ ನಡುವಿನ ಅಂತರ, ಅಷ್ಟೇ. ಹಳಿ ಎಷ್ಟು ಎತ್ತರ, ಕರೆಂಟ್ ಯಾವ ದಾರಿಯಲ್ಲಿ ಬಂದು ಯಾವ ದಾರಿಯಲ್ಲಿ ಹೋಗುತ್ತದೆ, ಗಾಲಿಯ ಅಂಚು ಎಷ್ಟು ಆಳ, ತಿರುವು ಎಷ್ಟು ಬಿಗಿ, ಇದ್ಯಾವುದನ್ನೂ ಗೇಜ್ ಹೇಳುವುದಿಲ್ಲ. ಡಬ್ಬದ ಮೇಲೆ ಗೇಜ್ ಮಾತ್ರ ಬರೆದಿರುತ್ತದೆ, ಉಳಿದದ್ದನ್ನು ನಾವೇ ಅಳೆದು ನೋಡಬೇಕು. ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೆಳಗಿನ ಎಲ್ಲ ಉತ್ತರಗಳಲ್ಲೂ ಅದು ಬರುತ್ತದೆ. ಏನನ್ನಾದರೂ ಕತ್ತರಿಸಲೇಬೇಕು, ಬಗ್ಗಿಸಲೇಬೇಕು ಅಂತಾದರೆ ಅದು ಹಳಿಯ ತುಂಡಾಗಿರಲಿ. ಎಂಜಿನ್ ತಂಟೆಗೆ ಹೋಗಬೇಡಿ.

ಪ್ರಶ್ನೆ: ಅಜ್ಜನ ಕಾಲದ ಲಯನೆಲ್ (ಅಮೆರಿಕದ ಆಟಿಕೆ ರೈಲು ಕಂಪನಿ) ರೈಲಿನ ಪೆಟ್ಟಿಗೆ ಸಿಕ್ಕಿದೆ. ಅದರಲ್ಲಿ ಎರಡು ತರಹದ ಹಳಿಗಳಿವೆ. ಎರಡಕ್ಕೂ ಮೂರು ಹಳಿ, ಅಗಲವೂ ಒಂದೇ. ಆದರೆ ಒಂದಕ್ಕೊಂದು ಜೋಡಿಸಿದರೆ ಪಿನ್ ಲೊಡಲೊಡ ಅನ್ನುತ್ತದೆ, ಒಂದು ಕಡೆ ಮೆಟ್ಟಿಲಿನ ಹಾಗೆ ತಗ್ಗು ಬರುತ್ತದೆ. ಒಂದು ತರಹದ್ದನ್ನು ಎಸೆದುಬಿಡಬೇಕೇ?

ಉತ್ತರ: ಎಸೆಯಬೇಡಿ! ನಿಮ್ಮ ಬಳಿ ಇರುವುದು ಓ ಮತ್ತು ಓ27 ಅನ್ನುವ ಎರಡು ಬಗೆ. ಗೇಜ್ ಎರಡಕ್ಕೂ ಒಂದೇ, ಒಂದೂಕಾಲು ಇಂಚು, ಅಂದರೆ ಸುಮಾರು 32 ಮಿ.ಮೀ. ಎತ್ತರ ಬೇರೆ. ಸ್ಲೀಪರಿನ, ಅಂದರೆ ಹಳಿಯ ಅಡಿಯ ಅಡ್ಡಪಟ್ಟಿಯ, ತಳದಿಂದ ಹಳಿಯ ತಲೆಯವರೆಗೆ ಓ ಹಳಿ 11/16 ಇಂಚು, ಓ27 ಹಳಿ 7/16 ಇಂಚು. ನಿಮಗೆ ಕಾಣುತ್ತಿರುವ ಮೆಟ್ಟಿಲು ಇದೇ, ಸರಿಯಾಗಿ ಕಾಲು ಇಂಚು. ಓ27 ಅಗ್ಗದ ಸೆಟ್‌ಗಳ ಜೊತೆ ಬರುತ್ತಿತ್ತು, ಓ ದುಬಾರಿ ಸೆಟ್‌ಗಳ ಜೊತೆ. ಹಾಗಾಗಿ ಒಂದೇ ಮನೆಯಲ್ಲಿ ಎರಡೂ ಸೇರಿಕೊಳ್ಳುವುದು ಮಾಮೂಲು. ಮೊದಲು ಚಿಕ್ಕ ಸೆಟ್ ಕೊಂಡು, ಆಮೇಲೆ ಆಸೆ ಬೆಳೆದು ದೊಡ್ಡದನ್ನು ಕೊಂಡವರು ಬಹಳ ಮಂದಿ.

ಸರಿಪಡಿಸುವುದು ಹೀಗೆ. ಓ ಹಳಿಯ ಒಂದೇ ಒಂದು ತುಂಡನ್ನು ಬಲಿ ಕೊಡಿ. ತುಕ್ಕು ಹಿಡಿದದ್ದು, ಸೊಟ್ಟಗಾದದ್ದು ಇದ್ದರೆ ಅದೇ ಸಾಕು. ಈ ಹಳಿಗಳು ಟೊಳ್ಳು ಕೊಳವೆ, ತಳದಲ್ಲಿ ಸೀಳು ಇರುತ್ತದೆ. ಒಂದು ತುದಿಯ ಮೂರು ದಪ್ಪ ಪಿನ್‌ಗಳನ್ನು ಇಕ್ಕಳದಿಂದ ಹಿಡಿದು ಸ್ವಲ್ಪ ತಿರುಚುತ್ತಾ ಎಳೆಯಿರಿ. ಹಳಿಯ ಬದಿಯಲ್ಲಿ ಒಂದು ಸಣ್ಣ ಗುಳಿ ಪಿನ್ನನ್ನು ಹಿಡಿದಿರುತ್ತದೆ, ಅದಕ್ಕೇ ಒಂದೇ ಏಟಿಗೆ ಬರುವುದಿಲ್ಲ. ಪಿನ್ ಬಂದ ಮೇಲೆ ಅದೇ ತೂತಿಗೆ ಓ27ರ ತೆಳು ಪಿನ್ ಹಾಕಿ, ಹಳಿಯ ಬದಿಯನ್ನು ಇಕ್ಕಳದಿಂದ ಒತ್ತಿ. ಪಿನ್ ಅಲ್ಲಾಡದಷ್ಟು ಬಿಗಿಯಾದರೆ ಸಾಕು, ಹಳಿಯ ತಲೆ ಚಪ್ಪಟೆಯಾಗಬಾರದು. ಅಲ್ಲಿಗೆ ನಿಮ್ಮ ಕೈಯಲ್ಲಿ ಒಂದು ಕಡೆ ಓ, ಇನ್ನೊಂದು ಕಡೆ ಓ27 ಇರುವ ಸೇತುವೆ ತುಂಡು ಸಿದ್ಧ. ಇದಕ್ಕೆಂದೇ ಮಾಡಿದ ಅಡಾಪ್ಟರ್ ಪಿನ್‌ಗಳೂ ಮಾರಾಟಕ್ಕೆ ಸಿಗುತ್ತವೆ.

ಇನ್ನು ಎತ್ತರ. ಓ27 ಕಡೆಯ ಸ್ಲೀಪರ್‌ಗಳ ಕೆಳಗೆ ಕಾಲು ಇಂಚಿನ, ಅಂದರೆ 6 ಮಿ.ಮೀ. ಚಿಲ್ಲರೆ ದಪ್ಪದ ಮರದ ಪಟ್ಟಿ ಅಥವಾ ಕಾರ್ಕ್ ಇಡಿ. ಓ27 ಭಾಗ ಚಿಕ್ಕದಾಗಿದ್ದರೆ ಪೂರ್ತಿ ಎತ್ತಿಬಿಡಿ. ದೊಡ್ಡದಾಗಿದ್ದರೆ ನಾಲ್ಕೈದು ತುಂಡುಗಳ ಉದ್ದಕ್ಕೆ ಪಟ್ಟಿಯ ದಪ್ಪವನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಾ ಇಳಿಸಿ. ಜೋಡಣೆಯ ಜಾಗದಲ್ಲೇ ಇಳಿಜಾರು ಶುರುಮಾಡಬೇಡಿ. ಅಲ್ಲಿ ಪಿನ್ ಬಾಗಿ ಕರೆಂಟ್ ಕೈಕೊಡುತ್ತದೆ.

ಓಡಿಸುವ ಮುಂಚೆ ಇನ್ನೊಂದನ್ನು ನೋಡಿ. ನಡುವಿನ ಹಳಿಗೂ ತಗಡಿನ ಸ್ಲೀಪರಿಗೂ ನಡುವೆ ಕಪ್ಪು ಬಣ್ಣದ ಫೈಬರ್ ಕಾಗದದ ಚೂರು ಇರುತ್ತದೆ. ಕರೆಂಟ್ ಬರುವುದು ನಡುವಿನ ಹಳಿಯಿಂದ, ವಾಪಸ್ ಹೋಗುವುದು ಹೊರಗಿನ ಎರಡರಿಂದ. ಆ ಕಾಗದ ಹರಿದು ನಡುವಿನ ಹಳಿ ಸ್ಲೀಪರಿಗೆ ತಾಗಿದರೆ ಇಡೀ ಸುತ್ತಿಗೆ ಶಾರ್ಟ್ ಸರ್ಕ್ಯೂಟ್. ಇಕ್ಕಳ ಹಾಕಿ ತಿರುಚುವಾಗ ಹರಿಯುವುದೇ ಜಾಸ್ತಿ. ಮಲ್ಟಿಮೀಟರನ್ನು ಬೀಪ್ ಸದ್ದಿನ ಸ್ಥಾನಕ್ಕೆ ತಿರುಗಿಸಿ, ಅದರ ಒಂದು ಮೊನೆಯನ್ನು ನಡುವಿನ ಹಳಿಗೂ ಇನ್ನೊಂದನ್ನು ಹೊರಗಿನ ಹಳಿಗೂ ಇಟ್ಟು ನೋಡಿ, ಕುಂಯ್ ಅನ್ನಬಾರದು. ತುಂಡು ತುಂಡಾಗಿ ಪರೀಕ್ಷಿಸಿ. ಇಡೀ ವೃತ್ತ ಜೋಡಿಸಿದ ಮೇಲೆ ತಪ್ಪು ಯಾವ ತುಂಡಿನಲ್ಲಿದೆ ಅಂತ ಹುಡುಕುವುದು ದೊಡ್ಡ ತಲೆನೋವು.

ಅಳತೆಯ ತೊಂದರೆಯೂ ಒಂದಿದೆ. ಓ ನೇರ ಹಳಿಯ ಉದ್ದ 10 ಇಂಚು, ಓ27 ನೇರ ಹಳಿ 8 7/8 ಇಂಚು. ತಿರುವು ಓ27ರಲ್ಲಿ 27 ಇಂಚು ವ್ಯಾಸ, ಓ ಹಳಿಯ ಮಾಮೂಲಿ ತಿರುವಿನಲ್ಲಿ 31 ಇಂಚು. ಸುಮ್ನೆ ಬೆರೆಸಿ ಹಾಕಿದರೆ ವೃತ್ತ ಕೂಡುವುದೇ ಇಲ್ಲ. ಒಂದು ಬದಿಯಲ್ಲಿ ಯಾವುದನ್ನು ಹಾಕಿದ್ದೀರೋ ಎದುರು ಬದಿಯಲ್ಲೂ ಅದನ್ನೇ ಹಾಕಿ. ದೊಡ್ಡ ಎಂಜಿನ್‌ಗಳಿದ್ದರೆ ತಿರುವುಗಳಿಗೆ ಓ ಹಳಿ ಇಟ್ಟುಕೊಂಡು, ಓ27 ಅನ್ನು ನೇರ ದಾರಿಗೆ, ಗೂಡ್ಸ್ ನಿಲ್ಲುವ ಪಕ್ಕದ ಹಳಿಗೆ ಬಳಸುವುದು ನನಗೆ ಸರಿ ಕಾಣುತ್ತದೆ. ಎಲ್ಲ ಎಂಜಿನ್ 31ರಲ್ಲೂ ತಿರುಗುವುದಿಲ್ಲ, ಅದೂ ಗೊತ್ತಿರಲಿ. 1937ರ 700ಇ ಹಡ್ಸನ್ ಎಂಜಿನ್ನಿಗೆ 72 ಇಂಚಿನ ತಿರುವು ಬೇಕು.

ಪ್ರಶ್ನೆ: ಅದೇ ತರಹದ ಲಯನೆಲ್ ಹಳಿಗೆ ಹಳೆಯ 022 ಸ್ವಿಚ್ (ರೈಲನ್ನು ಒಂದು ದಾರಿಯಿಂದ ಇನ್ನೊಂದಕ್ಕೆ ತಿರುಗಿಸುವ ಕವಲು ಹಳಿ) ಹಾಕಿದೆ. ರೈಲು ಇಲ್ಲದಿದ್ದರೂ ಸ್ವಿಚ್ ಗುಂಯ್‌ಗುಟ್ಟುತ್ತದೆ, ಮುಟ್ಟಿದರೆ ಬಿಸಿ. ಕೆಟ್ಟಿದೆಯೇ?

ಉತ್ತರ: ಇನ್ನೂ ಕೆಟ್ಟಿಲ್ಲ, ಹೀಗೇ ಬಿಟ್ಟರೆ ಕೆಡುತ್ತದೆ. ತಕ್ಷಣ ಕರೆಂಟ್ ತೆಗೆಯಿರಿ.

022ರಲ್ಲಿ ಒಂದು ಜಾಣತನ ಇದೆ. ರೈಲು ಕವಲಿನ ಕಡೆಯಿಂದ ಬಂದರೆ ಸ್ವಿಚ್ ತಾನಾಗಿಯೇ ಆ ಕಡೆಗೆ ತಿರುಗಿಕೊಳ್ಳುತ್ತದೆ, ಹಳಿ ತಪ್ಪುವುದಿಲ್ಲ. ಅದಕ್ಕಾಗಿ ಕವಲೊಡೆಯುವ ಬದಿಯ ಒಳಗಿನ ಎರಡು ಹಳಿಗಳನ್ನು ಉಳಿದ ಹಳಿಗಳಿಂದ ಬೇರೆ ಮಾಡಿರುತ್ತಾರೆ. ಗಾಲಿ ಆ ಹಳಿಯನ್ನು ಮುಟ್ಟಿದಾಗ ಮಾತ್ರ ಕಾಯಿಲ್‌ಗೆ ಸರ್ಕ್ಯೂಟ್ ಪೂರ್ತಿಯಾಗಬೇಕು. ನೀವು ಆ ಎರಡು ತುದಿಗಳಿಗೆ ಮಾಮೂಲಿ ಕಬ್ಬಿಣದ ಪಿನ್ ಹಾಕಿದ್ದೀರಿ ಅನಿಸುತ್ತದೆ. ಹಾಗಾದರೆ ಗಾಲಿ ಯಾವಾಗಲೂ ಅಲ್ಲೇ ನಿಂತಂತೆ ಲೆಕ್ಕ, ಕಾಯಿಲ್‌ಗೆ ಬಿಡುವೇ ಇಲ್ಲ. ಅಲ್ಲಿ ಫೈಬರ್ ಅಥವಾ ಪ್ಲಾಸ್ಟಿಕ್ ಪಿನ್ ಇರಬೇಕು. ಹಳೆಯ ಪೆಟ್ಟಿಗೆಗಳಲ್ಲಿ ಈ ಪಿನ್‌ಗಳು ಮುರಿದುಹೋಗಿರುತ್ತವೆ, ಅವು ಅಲ್ಲಿದ್ದವು ಅಂತಲೇ ಯಾರಿಗೂ ಗೊತ್ತಿರುವುದಿಲ್ಲ. ಓ27ರ 1122 ಸ್ವಿಚ್ಚಿಗೂ ಇದೇ ಮಾತು.

ಓ27 ಸ್ವಿಚ್ಚಿನಲ್ಲಿ ಮತ್ತೊಂದು ಕಿರಿಕಿರಿ ಇದೆ. ಅದರ ಮೋಟಾರ್ ಡಬ್ಬಿ ಹಳಿಗೆ ತೀರಾ ಹತ್ತಿರ. ಉದ್ದ ಎಂಜಿನ್ ಅಥವಾ ಅಗಲ ಬೋಗಿ ತಿರುಗುವಾಗ ಅದಕ್ಕೆ ಉಜ್ಜುತ್ತದೆ. ಡಬ್ಬಿಯ ಮೇಲೆ ಬಣ್ಣ ಕೆರೆದ ಗುರುತು ಕಂಡರೆ ಕಾರಣ ಅದೇ. ಎಂಜಿನ್ನಿನ ಮೆಟ್ಟಿಲನ್ನು ಅರದಿಂದ ಉಜ್ಜಿ ಜಾಗ ಮಾಡಿಕೊಂಡವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಸ್ವಿಚ್ಚನ್ನು ಆ ಎಂಜಿನ್ ಹೋಗದ ಕಡೆಗೆ ಸರಿಸಿ.

ಪ್ರಶ್ನೆ: ಬ್ರಿಟನ್ನಿನ ಹಾರ್ನ್‌ಬಿ ಡಬ್ಲೊ ಎಂಜಿನ್ ಒಂದು ಸಿಕ್ಕಿತು. ನನ್ನ ಹತ್ತಿರ ಇರುವುದು ಈಗಿನ ಎರಡು ಹಳಿಯ 16.5 ಮಿ.ಮೀ. ದಾರಿ. ಇಟ್ಟ ತಕ್ಷಣ ಕಂಟ್ರೋಲರ್ ಟ್ರಿಪ್ ಆಗುತ್ತದೆ. ಎಂಜಿನ್ ಒಳಗೆ ಏನೋ ಸುಟ್ಟಿದೆಯೇ?

ಉತ್ತರ: ಏನೂ ಸುಟ್ಟಿಲ್ಲ. ನಿಮ್ಮದು ಮೂರು ಹಳಿಯ ಡಬ್ಲೊ, ಅಷ್ಟೇ.

ಡಬ್ಲೊ 1938ರಲ್ಲಿ ಬಂದಾಗ ಮೂರು ಹಳಿ. ಎರಡು ಹಳಿಯ ಮಾದರಿ ಬಂದದ್ದು 1959ರಲ್ಲಿ. ಈ ನಡುವಿನ ಎಂಜಿನ್‌ಗಳಲ್ಲಿ ಎಡಗಾಲಿ, ಬಲಗಾಲಿ, ಅಚ್ಚು ಎಲ್ಲ ಲೋಹವೇ, ನಡುವೆ ಇನ್ಸುಲೇಷನ್ ಇಲ್ಲ. ಮೂರು ಹಳಿಯಲ್ಲಿ ಇದರಿಂದ ತೊಂದರೆ ಇಲ್ಲ. ಅಲ್ಲಿ ಕರೆಂಟ್ ಬರುವುದು ನಡುವಿನ ಹಳಿಯಿಂದ, ಹೊರಗಿನ ಎರಡೂ ವಾಪಸ್ ದಾರಿ. ನಿಮ್ಮ ಎರಡು ಹಳಿಯ ದಾರಿಯಲ್ಲಿ ಒಂದು ಹಳಿ ಪ್ಲಸ್, ಇನ್ನೊಂದು ಮೈನಸ್. ಅದರ ಮೇಲೆ ಲೋಹದ ಅಚ್ಚು ಇಟ್ಟರೆ ಎರಡನ್ನೂ ತಂತಿ ಹಾಕಿ ಸೇರಿಸಿದ ಹಾಗೇ ಆಯಿತು.

ಪರೀಕ್ಷೆ ಸುಲಭ. ಎಂಜಿನ್ ಮಗುಚಿ ಹಿಡಿದು, ಒಂದೇ ಅಚ್ಚಿನ ಎರಡು ಗಾಲಿಗಳಿಗೆ ಮಲ್ಟಿಮೀಟರ್ ಮೊನೆಗಳನ್ನು ಇಡಿ. ಕುಂಯ್ ಅಂದರೆ ಮೂರು ಹಳಿಯದ್ದು. ಹೊಟ್ಟೆಯ ಕೆಳಗೆ ನಡುವಿನ ಹಳಿಯನ್ನು ಮುಟ್ಟುವ ಲೋಹದ ಚಮಚದಂಥ ಪಿಕಪ್ ಇದ್ದರೆ ಅನುಮಾನವೇ ಬೇಡ.

ಬೋಗಿಗಳದ್ದು ಸುಲಭ. ಅಚ್ಚು ಸಮೇತ ಗಾಲಿ ತೆಗೆದು ಇನ್ಸುಲೇಟ್ ಆದ ಗಾಲಿ ಹಾಕಿದರೆ ಎರಡು ಹಳಿಯಲ್ಲಿ ಓಡುತ್ತವೆ. ಹಳೆಯ ಗಾಲಿಗಳನ್ನು ಒಂದು ಲಕೋಟೆಯಲ್ಲಿ ಹಾಕಿ ಹೆಸರು ಬರೆದಿಡಿ, ಮುಂದೆ ಯಾರಿಗಾದರೂ ಬೇಕಾಗುತ್ತದೆ. ತಿರುಗಾಮುರುಗಾ ಕೂಡ ಸರಿಯೇ. ಪ್ಲಾಸ್ಟಿಕ್ ಗಾಲಿಯ ಬೋಗಿ ಮೂರು ಹಳಿಯಲ್ಲಿ ಏನೂ ತಕರಾರಿಲ್ಲದೆ ಓಡುತ್ತದೆ. ಎಂಜಿನ್ ಮಾತ್ರ ಬೇರೆ ಕತೆ. ಓಡಿಸುವ ಗಾಲಿಗಳನ್ನೆಲ್ಲ ಬದಲಿಸಬೇಕು, ಅವುಗಳ ಕೋನ ಒಂದಕ್ಕೊಂದು ಸರಿಹೊಂದಬೇಕು, ಪಿಕಪ್ ಹೊಸದಾಗಿ ಮಾಡಬೇಕು. ಕೈ ಪಳಗಿದವರು ಮಾಡುತ್ತಾರೆ. ಆದರೆ ಯಾಕೆ ಮಾಡಬೇಕು ಅನ್ನುವುದು ನನ್ನ ಪ್ರಶ್ನೆ. ಆ ಎಂಜಿನ್ನಿಗೆ ಬೇಕಾಗಿರುವುದು ತಗಡಿನ ತಳದ ಮೂರು ಹಳಿಯ ಒಂದು ಸಣ್ಣ ಸುತ್ತು. ಹಳೆಯ ಹಳಿ ಅದೇ ಎಂಜಿನ್ನಿಗಿಂತ ಸುಲಭವಾಗಿ ಸಿಗುತ್ತದೆ. ಅದನ್ನೇ ಹಾಕಿ, ಎರಡು ದಾರಿಯನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಳ್ಳಿ.

ಎರಡು ಹಳಿಯ ಎಂಜಿನ್ನನ್ನು ಮೂರು ಹಳಿಯ ಮೇಲೆ ಇಟ್ಟರೆ ಏನಾಗುತ್ತದೆ ಅಂತ ಇನ್ನೊಬ್ಬರು ಕೇಳಿದ್ದಾರೆ. ಏನೂ ಆಗುವುದಿಲ್ಲ. ಹೊರಗಿನ ಎರಡೂ ಹಳಿಗಳು ಒಂದೇ, ಹಾಗಾಗಿ ಎಂಜಿನ್ನಿಗೆ ಕರೆಂಟೇ ಸಿಗುವುದಿಲ್ಲ, ಸುಮ್ಮನೆ ನಿಂತಿರುತ್ತದೆ.

ಒಂದು ಎಚ್ಚರಿಕೆ. ಮೂರು ಹಳಿ ಅಂದ ಮಾತ್ರಕ್ಕೆ ಎಲ್ಲ ಒಂದೇ ಅಲ್ಲ. ಡಬ್ಲೊ 12 ವೋಲ್ಟ್ ಡಿಸಿ. ಲಯನೆಲ್, ಜರ್ಮನಿಯ ಮಾರ್ಕ್ಲಿನ್ ಎಸಿ. ಡಬ್ಲೊ ಎಂಜಿನ್ನಿನಲ್ಲಿ ಶಾಶ್ವತ ಅಯಸ್ಕಾಂತ ಇರುತ್ತದೆ. ಎಸಿ ಕೊಟ್ಟರೆ ಅದು ಓಡುವುದಿಲ್ಲ, ನಡುಗುತ್ತಾ ಬಿಸಿಯಾಗುತ್ತದೆ.

ಪ್ರಶ್ನೆ: ಬ್ರಿಟನ್ನಿನ ಹಳೆಯ ಟ್ರೈ-ಆಂಗ್ ಎಂಜಿನ್ ಎರಡು ಹಳಿಯದ್ದೇ, ಡಿಸಿಯೇ. ಹೊಸ ಹಳಿಯ ಮೇಲೆ ಓಡುತ್ತದೆ, ಆದರೆ ಟಕಟಕ ಸದ್ದು. ಪಾಯಿಂಟ್ (ಕವಲು ಹಳಿ) ದಾಟುವಾಗ ಎಗರಿ ಬೀಳುತ್ತದೆ.

ಉತ್ತರ: ಗಾಲಿಯ ಒಳಬದಿಯಲ್ಲಿ ಹಳಿಗಿಂತ ಕೆಳಗೆ ಇಳಿಯುವ ಅಂಚು ಇದೆಯಲ್ಲ, ಫ್ಲ್ಯಾಂಜ್, ನಿಮ್ಮ ತೊಂದರೆ ಅಲ್ಲಿದೆ. ಹಳೆಯ ಟ್ರೈ-ಆಂಗ್ ಗಾಲಿಗಳಲ್ಲಿ ಅದು ಬರಿಗಣ್ಣಿಗೇ ಕಾಣುವಷ್ಟು ಆಳ. ಮಕ್ಕಳು ನೆಲದ ಮೇಲೆ ಹೇಗೋ ಜೋಡಿಸಿದ ಹಳಿಯಲ್ಲೂ ಬೀಳದಿರಲಿ ಅಂತ ಹಾಗೆ ಮಾಡಿದ್ದರು. ಈಗಿನವು ತೀರಾ ಕಡಿಮೆ. ಅಮೆರಿಕದ ಮಾದರಿ ರೈಲಿನವರ ಸಂಘ ಎನ್‌ಎಂಆರ್‌ಎಯ ಆರ್‌ಪಿ-25 ಶಿಫಾರಸಿನ ಎಚ್‌ಒ (16.5 ಮಿ.ಮೀ. ಗೇಜಿನ) ಗಾಲಿಯಲ್ಲಿ ಅಂಚಿನ ಆಳ 0.025 ಇಂಚು, ಅಂದರೆ 0.64 ಮಿ.ಮೀ.

ಹಳಿಯ ಎತ್ತರವನ್ನು ಕೋಡ್ ಅನ್ನುವ ಸಂಖ್ಯೆಯಲ್ಲಿ ಹೇಳುತ್ತಾರೆ, ಅದು ಇಂಚಿನ ಸಾವಿರದ ಭಾಗ. ಕೋಡ್ 100 ಅಂದರೆ 2.54 ಮಿ.ಮೀ., ಕೋಡ್ 75 ಅಂದರೆ 1.9 ಮಿ.ಮೀ. ಹಳಿ ಗಿಡ್ಡವಾದಷ್ಟೂ, ಹಳಿಯನ್ನು ಹಿಡಿದಿರುವ ಪ್ಲಾಸ್ಟಿಕ್ ಹಿಡಿಕೆಗಳಿಗೆ ಗಾಲಿಯ ಅಂಚು ಬಡಿಯುತ್ತದೆ. ಒಂದೊಂದು ಸ್ಲೀಪರಿಗೂ ಒಂದೊಂದು ಏಟು, ಅದೇ ನಿಮ್ಮ ಟಕಟಕ. ನಿಮ್ಮದು ಕೋಡ್ 75 ಇರಬಹುದು. ಹಳೆಯ ಎಂಜಿನ್ ಓಡಿಸುವವರು ಕೋಡ್ 100ಕ್ಕಿಂತ ಕೆಳಗೆ ಇಳಿಯುವುದೇ ಬೇಡ.

ಪಾಯಿಂಟಿನಲ್ಲಿ ಎಗರುವುದಕ್ಕೆ ಎರಡು ಕಾರಣ. ಎರಡು ಹಳಿಗಳು ಕತ್ತರಿಸುವ ಜಾಗದಲ್ಲಿ, ಫ್ರಾಗ್ ಅನ್ನುತ್ತೇವಲ್ಲ, ಅಲ್ಲಿನ ತಳ ಮೇಲಿದ್ದರೆ ಆಳ ಅಂಚು ಅದರ ಮೇಲೆ ಹತ್ತಿ ಗಾಲಿಯನ್ನೇ ಎತ್ತುತ್ತದೆ. ಎರಡನೆಯದು ಒಂದೇ ಅಚ್ಚಿನ ಎರಡು ಗಾಲಿಗಳ ಬೆನ್ನುಗಳ ನಡುವಿನ ಅಂತರ. ಈಗಿನ ಓಓ (ಬ್ರಿಟನ್ನಿನ 16.5 ಮಿ.ಮೀ. ಗೇಜಿನ) ಗಾಲಿಗಳಲ್ಲಿ ಅದು ಸುಮಾರು 14.5 ಮಿ.ಮೀ. ಹಳೆಯದರಲ್ಲಿ ಇನ್ನೂ ಕಡಿಮೆ. ಪಾಯಿಂಟಿನ ಪಕ್ಕದಲ್ಲಿ ಗಾಲಿಗೆ ದಾರಿ ತೋರಿಸುವ ಕಾವಲು ಹಳಿ ಇರುತ್ತದೆ, ನಡುವಿನ ಅಂತರ ಕಡಿಮೆ ಇರುವ ಗಾಲಿ ಅದರ ಮೇಲೆ ಹತ್ತಿಬಿಡುತ್ತದೆ. ವರ್ನಿಯರ್ ಕ್ಯಾಲಿಪರ್ ಒಳಗಿಟ್ಟು ಅಳೆದು ನೋಡಿ. ಬೋಗಿಯ ಗಾಲಿಗಳನ್ನು ಬದಲಿಸಬಹುದು. ಎಂಜಿನ್ ಗಾಲಿಗಳನ್ನು ಅಚ್ಚಿನ ಮೇಲೆ ಎಳೆದು ಸರಿಸುವುದು ಕೆಲವು ಮಾದರಿಗಳಲ್ಲಿ ಆಗುತ್ತದೆ, ಕೆಲವದರಲ್ಲಿ ಗಾಲಿ ಸಡಿಲಾಗಿ ಮತ್ತೆ ಕೂರುವುದೇ ಇಲ್ಲ. ಗಾಲಿಯ ಅಂಚನ್ನು ಲೇತಿಗೆ ಕೊಟ್ಟು ಕೆರೆಸಬಹುದು ಅನ್ನುವ ಸಲಹೆಯೂ ನಿಮಗೆ ಸಿಗುತ್ತದೆ. ಒಮ್ಮೆ ಕೆರೆಸಿದರೆ ಮುಗಿಯಿತು, ವಾಪಸ್ ಬರುವುದಿಲ್ಲ. ನಾನಾದರೆ ಮಾಡಿಸುವುದಿಲ್ಲ.

ಟ್ರೈ-ಆಂಗ್‌ನ ಹಳಿಯೇ ನಿಮ್ಮಲ್ಲಿದ್ದರೆ ಅದನ್ನೇ ಬಳಸಿ. 1962ರ ಸೂಪರ್ 4 ಹಳಿಗಳು ಈ ಗಾಲಿಗಳಿಗೆ ಹೇಳಿ ಮಾಡಿಸಿದಂತಿವೆ. ಆಮೇಲೆ ಬಂದ ಸಿಸ್ಟಮ್ 6 ಹಳಿ ಈಗಿನ ಕೋಡ್ 100ಕ್ಕೆ ನೇರವಾಗಿ ಕೂಡುತ್ತದೆ. ಸೂಪರ್ 4 ಮತ್ತು ಸಿಸ್ಟಮ್ 6ರ ನಡುವೆ ಹಾಕಲು ಕನ್ವರ್ಟರ್ ತುಂಡು ಅಂತಲೇ ತಯಾರಾಗುತ್ತಿತ್ತು. ಹಳೆಯ ಸಾಮಾನಿನ ರಾಶಿಯಲ್ಲಿ ಒಂದು ತುದಿ ದಪ್ಪ, ಒಂದು ತುದಿ ತೆಳು ಇರುವ ಹಳಿ ಕಂಡರೆ ಬಿಡಬೇಡಿ.

ಪ್ರಶ್ನೆ: ಮಾರ್ಕ್ಲಿನ್ ಎಂ ಹಳಿಯ ಹಳೆಯ ಸುತ್ತಿಗೆ ಹೊಸ ಸಿ ಹಳಿ ಸೇರಿಸಿ ದೊಡ್ಡದು ಮಾಡಬೇಕು ಅಂತಿದ್ದೇನೆ. ಹೊಸ ಡಿಜಿಟಲ್ ಎಂಜಿನ್ ಕೂಡ ಅದರಲ್ಲೇ ಓಡಿಸಬಹುದೇ?

ಉತ್ತರ: ಹಳಿ ಸೇರಿಸಬಹುದು. ಎಂಜಿನ್ ವಿಷಯದಲ್ಲಿ ಸ್ವಲ್ಪ ತಡೆಯಿರಿ.

ಎಂ ಹಳಿ ತಗಡಿನ ತಳದ್ದು, ಸಿ ಹಳಿ 1996ರಲ್ಲಿ ಬಂದ ಪ್ಲಾಸ್ಟಿಕ್ ತಳದ್ದು. ಎರಡನ್ನೂ ಸೇರಿಸಲು ಕಂಪನಿಯದೇ ಅಡಾಪ್ಟರ್ ಹಳಿ ಇದೆ, ಸಂಖ್ಯೆ 24951. ಅದೇ ಕಂಪನಿಯ ಇನ್ನೊಂದು ಬಗೆಯಾದ ಕೆ ಹಳಿಗಾದರೆ 24922. ಇದನ್ನು ಮನೆಯಲ್ಲಿ ಮಾಡಿಕೊಳ್ಳಲು ಹೋಗಬೇಡಿ. ಪ್ಲಾಸ್ಟಿಕ್ ಕೊಕ್ಕೆ ಮತ್ತು ತಗಡಿನ ನಾಲಿಗೆ ಎರಡೂ ಸರಿಯಾಗಿ ಕೂರುವಂತೆ ಕತ್ತರಿಸುವಷ್ಟರಲ್ಲಿ ಅರ್ಧ ಡಜನ್ ಹಳಿ ಹಾಳಾಗಿರುತ್ತದೆ.

ತಿರುವಿನ ತ್ರಿಜ್ಯ ಎರಡರಲ್ಲೂ ಮಾಮೂಲಿ 360 ಮಿ.ಮೀ., ಅಲ್ಲಿ ತೊಂದರೆ ಇಲ್ಲ. ನೇರ ಹಳಿಯಲ್ಲಿ ಇದೆ. ಎಂ ನೇರ ಹಳಿ 180 ಮಿ.ಮೀ., ಸಿ ನೇರ ಹಳಿ 188.3 ಮಿ.ಮೀ. ಒಂದು ಬದಿ ಎಂ, ಎದುರು ಬದಿ ಸಿ ಹಾಕಿದರೆ ಪ್ರತಿ ತುಂಡಿಗೂ 8.3 ಮಿ.ಮೀ. ವ್ಯತ್ಯಾಸ. ಎರಡು ತುಂಡು ಹಾಕುವಷ್ಟರಲ್ಲಿ ಒಂದೂವರೆ ಸೆಂಟಿಮೀಟರ್ ದಾಟುತ್ತದೆ. ಎಳೆದು ಕೂಡಿಸಲು ಹೋದರೆ ಎಂ ಹಳಿಯ ನಾಲಿಗೆ ಮುರಿಯುತ್ತದೆ. ಆದರೆ ಸಿ ಹಳಿಯಲ್ಲಿ 171.7 ಮಿ.ಮೀ. ಉದ್ದದ್ದೂ ಇದೆ. ಒಂದು 188.3, ಒಂದು 171.7 ಸೇರಿಸಿ ನೋಡಿ, ಸರಿಯಾಗಿ 360. ಎರಡು ಎಂ ನೇರ ಹಳಿಗೆ ಸಮ! ಈ ಜೋಡಿಯನ್ನು ನೆನಪಿಟ್ಟುಕೊಂಡರೆ ಸುತ್ತು ಕೂಡುತ್ತದೆ.

ಪಿಕಪ್ ಬಗ್ಗೆ ಎರಡು ಮಾತು. ತೀರಾ ಹಳೆಯ ಎಂ ಹಳಿಯಲ್ಲಿ ನಡುವೆ ಉದ್ದಕ್ಕೂ ಹಳಿಯೇ ಇರುತ್ತದೆ. 1950ರ ದಶಕದಿಂದ ಅದರ ಬದಲು ನಡುವೆ ಸಾಲಾಗಿ ಸಣ್ಣ ಮೊಳೆಯಂಥ ತುದಿಗಳು ಬಂದವು. ಎಂಜಿನ್ನಿನ ಹೊಟ್ಟೆಯ ಕೆಳಗಿನ ಉದ್ದ ಪಟ್ಟಿ ಯಾವಾಗಲೂ ಎರಡು ಮೊಳೆಯನ್ನಾದರೂ ಮುಟ್ಟಿರಬೇಕು. ಪಟ್ಟಿ ಸವೆದು ನಡುವೆ ಗುಳಿ ಬಿದ್ದಿದ್ದರೆ ಎಂಜಿನ್ ತಡವರಿಸುತ್ತದೆ, ಬೆರಳಿನಿಂದ ಸವರಿದರೇ ಗೊತ್ತಾಗುತ್ತದೆ. ಪಟ್ಟಿ ಬದಲಿಸುವುದು ಒಂದು ಸ್ಕ್ರೂ ಕೆಲಸ.

ಈಗ ಡಿಜಿಟಲ್ ಎಂಜಿನ್. ಹಳೆಯ ಮಾರ್ಕ್ಲಿನ್‌ನಲ್ಲಿ ಓಡಲು ಹೆಚ್ಚೆಂದರೆ 16 ವೋಲ್ಟ್, ದಿಕ್ಕು ಬದಲಿಸಲು ಒಂದು ಕ್ಷಣ 24 ವೋಲ್ಟ್ ಏಟು. ಹಳೆಯ ಎಂಜಿನ್ನಿನ ರಿಲೇಗೆ ಆ ಏಟು ಬೇಕು. ಹಳೆಯ ಟ್ರಾನ್ಸ್‌ಫಾರ್ಮರ್‌ಗಳು 220 ವೋಲ್ಟ್ ಸರಬರಾಜಿಗೆ ಮಾಡಿದಂಥವು, ಈಗ ಪ್ಲಗ್ಗಿನಲ್ಲಿ 230 ಬಂದರೆ ಆ 24 ಇನ್ನೂ ಮೇಲೇರುತ್ತದೆ. ಡಿಜಿಟಲ್ ಎಂಜಿನ್ನಿನ ಡಿಕೋಡರ್, ಅಂದರೆ ಒಳಗಿನ ಎಲೆಕ್ಟ್ರಾನಿಕ್ ಬೋರ್ಡ್, ಈ ಏಟನ್ನು ತಾಳಿಕೊಳ್ಳುವುದಿಲ್ಲ. ಹಳಿ ಒಂದೇ ಇರಲಿ, ಪವರ್ ಬೇರೆ ಇರಲಿ. ಹಳೆಯ ಟ್ರಾನ್ಸ್‌ಫಾರ್ಮರ್ ಹಳೆಯ ಎಂಜಿನ್‌ಗಳಿಗೆ ಮಾತ್ರ.

ಪ್ರಶ್ನೆ: ಅಮೆರಿಕನ್ ಫ್ಲೈಯರ್ ಕಂಪನಿಯ ರೈಲು ಲಯನೆಲ್ ಹಳಿಯ ಮೇಲೆ ಓಡುತ್ತದೆಯೇ?

ಉತ್ತರ: ಯಾವ ಕಾಲದ್ದು ಅನ್ನುವುದರ ಮೇಲೆ ಹೋಗುತ್ತದೆ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಓ ಗೇಜಿನದ್ದಾದರೆ ಮೂರು ಹಳಿಯದ್ದೇ, ಓಡುತ್ತದೆ. 1946ರಿಂದ ಅವರು ಎಸ್ ಗೇಜಿಗೆ ಹೋದರು. ಎರಡು ಹಳಿ, 0.884 ಇಂಚು ಅಗಲ, ಅಂದರೆ ಸುಮಾರು 22.5 ಮಿ.ಮೀ. ಅದು ಲಯನೆಲ್ ಹಳಿಯ ನಡುವೆ ಬಿದ್ದುಹೋಗುತ್ತದೆ. ಇದಕ್ಕೆ ಅಡಾಪ್ಟರ್ ಇಲ್ಲ, ಬೇರೆ ಹಳಿಯೇ ಬೇಕು. ಟ್ರಾನ್ಸ್‌ಫಾರ್ಮರ್ ಮಾತ್ರ ಹಂಚಿಕೊಳ್ಳಬಹುದು, ಎರಡೂ ಎಸಿ. ಆದರೆ ಅಮೆರಿಕದ ಟ್ರಾನ್ಸ್‌ಫಾರ್ಮರ್‌ಗಳು 110-120 ವೋಲ್ಟಿನವು, 60 ಹರ್ಟ್ಜ್‌ನವು. 220-240 ವೋಲ್ಟ್ ಇರುವ ಕಡೆ ನೇರವಾಗಿ ಚುಚ್ಚಿದರೆ ಹೊಗೆ ಬರುತ್ತದೆ. ಸ್ಟೆಪ್‌ಡೌನ್ ಹಾಕಿದರೂ 50 ಹರ್ಟ್ಜ್‌ನಲ್ಲಿ ಜಾಸ್ತಿ ಬಿಸಿಯಾಗುತ್ತದೆ, ಪೂರ್ತಿ ಭಾರ ಹಾಕಬೇಡಿ.

ಪ್ರಶ್ನೆ: ಲಯನೆಲ್ ಸ್ಟ್ಯಾಂಡರ್ಡ್ ಗೇಜ್ ಬೋಗಿಗೆ ಯುರೋಪಿನ ಗೇಜ್ 2 ಹಳಿ ಸಿಕ್ಕಿದೆ. ಎರಡೂ 54 ಮಿ.ಮೀ. ಅಂತ ಪಟ್ಟಿಯಲ್ಲಿದೆ. ಆದರೂ ಗಾಲಿ ಕೂರುತ್ತಿಲ್ಲ.

ಉತ್ತರ: ಎರಡೂ 54 ನಿಜ, ಆದರೆ ಅಳೆದ ಜಾಗ ಬೇರೆ. ಮಾರ್ಕ್ಲಿನ್ ಹಳೆಯ ಕಾಲದಲ್ಲಿ ಒಂದು ಹಳಿಯ ನಡುಮಧ್ಯದಿಂದ ಇನ್ನೊಂದರ ನಡುಮಧ್ಯಕ್ಕೆ ಅಳೆಯುತ್ತಿತ್ತು. ಹಾಗೆ 54 ಅಂದರೆ ಒಳಗಿನ ಅಂತರ 51. ಲಯನೆಲ್ 1906ರಲ್ಲಿ ತಂದ ಸ್ಟ್ಯಾಂಡರ್ಡ್ ಗೇಜಿನಲ್ಲಿ ಒಳಗಿನಿಂದ ಒಳಗೇ 2 1/8 ಇಂಚು, ಅಂದರೆ 54. ಮೂರು ಮಿಲಿಮೀಟರ್ ವ್ಯತ್ಯಾಸ, ಗಾಲಿ ಕೂರುವುದು ಹೇಗೆ? ಯುರೋಪಿನ ಅಳತೆಯನ್ನು ತಪ್ಪಾಗಿ ಓದಿಕೊಂಡು ಲಯನೆಲ್ ಹೀಗೆ ಮಾಡಿತು ಅಂತ ಒಂದು ಕತೆ ಇದೆ. ಪ್ರತಿಸ್ಪರ್ಧಿಗಳ ಹಳಿ ತನ್ನದಕ್ಕೆ ಹೊಂದದಿರಲಿ ಅಂತ ಬೇಕೆಂದೇ ಮಾಡಿತು ಅನ್ನುವವರೂ ಇದ್ದಾರೆ. ಯಾವುದೇ ಇರಲಿ, ಹಳೆಯ ಪಟ್ಟಿಯ ಅಂಕಿಯನ್ನು ನಂಬಿ ಹಳಿ ಕೊಳ್ಳಬೇಡಿ, ಮಾರುವವರಿಂದ ಒಳಗಿನ ಅಂತರ ಕೇಳಿ.

ಪ್ರಶ್ನೆ: ಹಳೆಯ ತುಕ್ಕು ಹಳಿ ತೆಗೆದು ಚೆಂದದ ನಿಕಲ್ ಸಿಲ್ವರ್ ಹಳಿ ಹಾಕಿದೆ. 1950ರ ದಶಕದ ಲಯನೆಲ್ ಎಂಜಿನ್ ಮೊದಲು ಏರು ಹತ್ತುತ್ತಿತ್ತು, ಈಗ ಗಾಲಿ ಜಾರುತ್ತದೆ. ಹೊಸ ಹಳಿ ನುಣುಪು ಜಾಸ್ತಿಯೇ?

ಉತ್ತರ: ನುಣುಪಿನ ವಿಷಯ ಅಲ್ಲ. ಆ ಕಾಲದ ಹಲವು ಲಯನೆಲ್ ಎಂಜಿನ್‌ಗಳಲ್ಲಿ ಮ್ಯಾಗ್ನೆ-ಟ್ರ್ಯಾಕ್ಷನ್ ಅನ್ನುವ ಏರ್ಪಾಡು ಇದೆ. ಅಚ್ಚಿನ ಬಳಿ ಅಯಸ್ಕಾಂತ ಇಟ್ಟು ಗಾಲಿ ಹಳಿಯನ್ನು ಹಿಡಿದುಕೊಳ್ಳುವಂತೆ ಮಾಡಿದ್ದರು. ಅದಕ್ಕೆ ಉಕ್ಕಿನ ಹಳಿ ಬೇಕು. ನಿಕಲ್ ಸಿಲ್ವರ್, ಹಿತ್ತಾಳೆ, ಅಲ್ಯೂಮಿನಿಯಂ ಯಾವುದೂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಂದರೆ ನೀವು ಹಳಿ ಬದಲಿಸಿದಾಗ ಎಂಜಿನ್ನಿನ ಅರ್ಧ ಹಿಡಿತವನ್ನೇ ತೆಗೆದುಬಿಟ್ಟಿರಿ. ಫ್ರಿಜ್ಜಿನ ಬಾಗಿಲಿನ ಅಯಸ್ಕಾಂತವನ್ನು ಹಳಿಗೆ ತಾಗಿಸಿ ನೋಡಿ, ಅಂಟಿದರೆ ಸರಿ.

ಎಲ್ಲವನ್ನೂ ಕಿತ್ತುಹಾಕುವ ಅಗತ್ಯ ಇಲ್ಲ. ಏರಿನ ಜಾಗಕ್ಕೆ ಮಾತ್ರ ಉಕ್ಕಿನ ಹಳಿ ಹಾಕಿ. ಲಯನೆಲ್‌ನದೇ ಫಾಸ್ಟ್‌ಟ್ರ್ಯಾಕ್ ಉಕ್ಕಿನದ್ದು, ಅದಕ್ಕೂ ಹಳೆಯ ಕೊಳವೆ ಹಳಿಗೂ ಸೇತುವೆ ತುಂಡು ಸಿಗುತ್ತದೆ. ಇಲ್ಲದಿದ್ದರೆ ಬೋಗಿ ಕಡಿಮೆ ಮಾಡಿ. ಗಾಲಿಗೆ ರಬ್ಬರ್ ಪಟ್ಟಿ ಅಂಟಿಸಲು ಹೋಗಬೇಡಿ. ಅದಕ್ಕೆಂದು ಕೊರೆದ ಗಾಲಿ ಅಲ್ಲ ಅದು, ಪಟ್ಟಿ ಕೂತರೂ ಗಾಲಿ ಎತ್ತರವಾಗಿ ಎಂಜಿನ್ ಓಲಾಡುತ್ತದೆ.

ಪ್ರಶ್ನೆ: ಹಳೆಯ ಹಳಿಯ ತುಕ್ಕನ್ನು ಸ್ಟೀಲ್ ವುಲ್‌ನಿಂದ ಉಜ್ಜಬಹುದೇ?

ಉತ್ತರ: ಬೇಡ. ಅದರ ಕೂದಲಿನಂಥ ಎಳೆಗಳು ಉದುರುತ್ತವೆ. ಮೇಲೆ ಹೇಳಿದ ಅಯಸ್ಕಾಂತದ ಗಾಲಿ, ಮೋಟಾರಿನ ಅಯಸ್ಕಾಂತ ಅವನ್ನು ಎಳೆದುಕೊಂಡು ಒಳಗೆ ಶಾರ್ಟ್ ಮಾಡುತ್ತವೆ. ಪ್ಲಾಸ್ಟಿಕ್ ಉಜ್ಜುಗ ಸಾಕು, ಆಮೇಲೆ ಐಸೊಪ್ರೊಪಿಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಲ್ಲಿ ಒರೆಸಿ. ಕೊಳವೆ ಹಳಿಯಾದರೆ ತಲೆಯನ್ನು ಮಾತ್ರ ಫಳಫಳ ಮಾಡಿ ಬಿಡಬೇಡಿ. ಕರೆಂಟ್ ನಿಲ್ಲುವುದು ಹೆಚ್ಚಾಗಿ ಪಿನ್ ಕೂರುವ ತೂತಿನ ಒಳಗಿನ ತುಕ್ಕಿನಿಂದ. ಪಿನ್ ತೆಗೆದು ಅದನ್ನೂ ತೂತನ್ನೂ ಉಜ್ಜಿ. ತುಕ್ಕು ತಿಂದು ಹಳಿಯಲ್ಲಿ ತೂತು ಬಿದ್ದಿದ್ದರೆ ಆ ತುಂಡನ್ನು ಮೊದಲ ಉತ್ತರದ ಸೇತುವೆ ಕೆಲಸಕ್ಕೂ ಬಳಸಬೇಡಿ.

ಪ್ರಶ್ನೆ: ಯುದ್ಧಕ್ಕೆ ಮುಂಚಿನ ಎಂಜಿನ್. ಯಾವ ಹಳಿಯಲ್ಲಿಟ್ಟರೂ ತಿರುವಿನಲ್ಲಿ ಬೀಳುತ್ತದೆ. ಮೂರು ಬಗೆಯ ಹಳಿ ಬದಲಿಸಿ ಆಯಿತು.

ಉತ್ತರ: ಹಳಿಯನ್ನು ಬಿಡಿ, ಗಾಲಿಯನ್ನು ನೋಡಿ. ಆ ಕಾಲದ ಸತುವಿನ ಎರಕದಲ್ಲಿ ಸೀಸದಂಥ ಕಲಬೆರಕೆ ಸೇರಿಕೊಂಡಿದ್ದರೆ ವರ್ಷಗಳು ಕಳೆದಂತೆ ಅದು ಒಳಗಿಂದಲೇ ಉಬ್ಬಿ ಬಿರುಕು ಬಿಡುತ್ತದೆ, ಜಿಂಕ್ ಪೆಸ್ಟ್ ಅನ್ನುತ್ತಾರೆ. ಗಾಲಿಯ ಮುಖದಲ್ಲಿ ಕೂದಲೆಳೆ ಬಿರುಕು ಇದೆಯೇ, ತಿರುಗಿಸಿದಾಗ ಓಲುತ್ತದೆಯೇ ಅಂತ ಬೆಳಕಿಗೆ ಹಿಡಿದು ನೋಡಿ. ಹಾಗಿದ್ದರೆ ಅಂಟು, ಬೆಸುಗೆ ಯಾವುದೂ ನಿಲ್ಲುವುದಿಲ್ಲ. ಹೊಸದಾಗಿ ಎರಕ ಹೊಯ್ದ ಗಾಲಿಗಳು ಹೆಸರಾಂತ ಮಾದರಿಗಳಿಗೆ ಸಿಗುತ್ತವೆ. ಎಂಜಿನ್ ತಂಟೆ ಬೇಡ ಅಂದದ್ದು ನಾನೇ, ಆದರೆ ಇಲ್ಲಿ ಗಾಲಿ ಬದಲಿಸದೆ ಬೇರೆ ದಾರಿ ಇಲ್ಲ. ಸೈಡ್ ಫ್ರೇಮ್ ಕೂಡ ಉಬ್ಬಿದೆಯೇ ಅಂತ ಮೊದಲು ನೋಡಿಕೊಂಡು, ಆಮೇಲೆ ಗಾಲಿ ತರಿಸಿ.